ಉದ್ದ ಹಿಡಿಯ ದಿಮ್ಮಿ

ಷಣ್ಮುಖಪ್ಪ ಗೌಡರು ತಮ್ಮ ಟಿಲ್ಲರನ್ನು ಯಾವ ಮೆಕ್ಯಾನಿಕ್ ಕೈಗೂ ಕೊಟ್ಟವರಲ್ಲ. ನಮ್ಮೂರಿಗೆ ಬಂದ ಮೊದಲ ಟಿಲ್ಲರ್ ಅದು, ಹಿಂದೆ ಒಂದು ಸಣ್ಣ ಟ್ರೇಲರ್. ಪಿನ್ನು ಮುರಿದರೆ ಮೊಳೆ ಬಡಿಯುತ್ತಿದ್ದರು, ಡೀಸೆಲ್ ಪೈಪು ಸೋರಿದರೆ ಸೈಕಲ್ ಟ್ಯೂಬು ಸುತ್ತುತ್ತಿದ್ದರು, ಗ್ರೀಸಿನ ಬದಲು ಸುಟ್ಟ ಆಯಿಲ್ ಬಳಿಯುತ್ತಿದ್ದರು. ಇಷ್ಟು ಮಾಡಿ ಜಗಲಿಯ ಮೇಲೆ ಕೂತು ಮೀಸೆ ತಿರುವುತ್ತಿದ್ದರು. ಆ ಮೀಸೆ ಕಂಡರೇ ನನಗೆ ಆಗುತ್ತಿರಲಿಲ್ಲ.

ನಾಟಿಗೆ ಬರುವ ಹೆಂಗಸರನ್ನು ಅದೇ ಟ್ರೇಲರಿನಲ್ಲಿ ಗದ್ದೆಗೆ ಕರೆದೊಯ್ಯುತ್ತಿದ್ದರು. ನಾನು, ನನ್ನ ತಂಗಿ ಅಂಜಿನಮ್ಮ, ನಮ್ಮ ಕೇರಿಯ ಇನ್ನೊಂದಿಷ್ಟು ಜನ. ಕೇರಿ ಮುಗಿದ ಕೂಡಲೇ ನಾಲೆಯ ಏರಿ ಹತ್ತಬೇಕು. ಹತ್ತುವಾಗ ನಡುವೆ ಗೇರು ಬದಲಿಸಲು ಕ್ಲಚ್ ಹಿಡಿದರೆ ಸಾಕು, ಗಾಡಿ ಹಿಂದಕ್ಕೆ ಜಾರುತ್ತಿತ್ತು. ಟ್ರೇಲರಿನ ಬ್ರೇಕು ಸವೆದು ಯಾವ ಕಾಲವಾಗಿತ್ತೋ. ಗೌಡರು ಹಳೇ ಲಾರಿ ಟೈರು ಕತ್ತರಿಸಿ ಗಾಲಿಯ ಬ್ರೇಕ್ ಡ್ರಮ್ಮಿನೊಳಗೆ ತಾವೇ ಕೂರಿಸಿದ್ದರು. ಅದು ಸುಟ್ಟ ವಾಸನೆ ಬಿಡುತ್ತಿತ್ತೇ ಹೊರತು ಗಾಡಿ ನಿಲ್ಲಿಸುತ್ತಿರಲಿಲ್ಲ. ಕೊನೆಗೆ ಅವರು ಕಂಡುಕೊಂಡ ರಿಪೇರಿ ಎಂದರೆ ಒಂದು ಜಾಲಿ ದಿಮ್ಮಿ. ಯಾರಾದರೊಬ್ಬರು ಕೆಳಗೆ ಧುಮುಕಿ ಅದನ್ನು ಗಾಲಿಗೆ ಅಡ್ಡ ಕೊಡಬೇಕು, ಗಾಡಿ ಮುಂದೆ ಹೋದ ಮೇಲೆ ಎತ್ತಿಕೊಂಡು ಓಡಿಬಂದು ಹತ್ತಬೇಕು.

ಆ ಯಾರಾದರೊಬ್ಬರು ಯಾವಾಗಲೂ ಅಂಜಿನಮ್ಮನೇ. ಗೌಡರು ಅಡ್ಡ ಕೊಡು ಎಂದು ಕೂಗುತ್ತಿದ್ದರು, ಒಂದು ಸಲವಾದರೂ ಹಿಂದೆ ತಿರುಗಿ ನೋಡಿದವರಲ್ಲ. ಹುಡುಗಿ ಚುರುಕು ಎಂದು ಹೊಗಳಿದರೆ ಅವಳು ಉಬ್ಬುತ್ತಿದ್ದಳು. ಬ್ರೇಕ್ ಹಾಕಿಸಿ ಎಂದು ನಾನು ಹೇಳಿ ಹೇಳಿ ಸಾಕಾದೆ. ದಾವಣಗೆರೆಯಿಂದ ಸಾಮಾನು ತರಬೇಕು, ಅಲ್ಲಿನ ಮೆಕ್ಯಾನಿಕ್‌ಗಳೆಲ್ಲ ಕಳ್ಳರು, ಗಾದ್ರಮ್ಮ, ನಿನಗೇನು ಗೊತ್ತಾಗುತ್ತೆ ಸುಮ್ಮನಿರು ಎಂದು ಅವರ ಉತ್ತರ.

ಎಂಬತ್ತೆರಡರ ಮಳೆಗಾಲ. ಏರಿ ಕೆಸರಾಗಿತ್ತು, ದಿಮ್ಮಿ ಜಾರಿತು. ಅಂಜಿನಮ್ಮ ಅದನ್ನು ಸರಿಮಾಡಲು ಕೈ ಹಾಕಿದಳು. ಗಾಲಿ ಅವಳ ಬಲಗೈ ಮೇಲೆ ಹತ್ತಿತು. ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಮನೆಗೆ ಬಂದವಳು ಗೋಡೆಗೆ ಮುಖ ಮಾಡಿ ಮಲಗಿ ಒಂದೇ ಮಾತು ಹೇಳುತ್ತಿದ್ದಳು.

"ನಂದೇ ತಪ್ಪು ಕಣಕ್ಕ. ಬೇಗ ಕೈ ತಗೀಬೇಕಾಗಿತ್ತು."

ಗಾಯಕ್ಕಿಂತ ಈ ಮಾತು ನನ್ನನ್ನು ಸುಟ್ಟಿತು. ಗಾಡಿಗೆ ಬ್ರೇಕ್ ಹಾಕಿಸದವನು ಜಗಲಿಯ ಮೇಲೆ ಹಾಯಾಗಿರಬೇಕು, ಬೆರಳು ಕಳೆದುಕೊಂಡವಳು ತಪ್ಪು ಒಪ್ಪಿಕೊಂಡು ಮಲಗಿರಬೇಕು.

ಅವಳ ಕೈಯ ಕಟ್ಟು ಬಿಚ್ಚಿದ ಮರುದಿನ ಗೌಡರು ಬಂದರು. ಒಳಗೆ ಬರುವವರಲ್ಲ, ಅಂಗಳದಲ್ಲೇ ನಿಂತರು. ಕೈಯಲ್ಲಿ ಅದೇ ದಿಮ್ಮಿ. ಈಗ ಅದಕ್ಕೆ ಗುದ್ದಲಿ ಕಾವಿನಷ್ಟು ಉದ್ದದ ಹಿಡಿ ಕೂರಿಸಿದ್ದರು. ಹಿಡಿಯನ್ನು ಗಾಜಿನ ಚೂರಿನಿಂದ ನುಣ್ಣಗೆ ಹೆರೆದು ಎಣ್ಣೆ ಹಚ್ಚಿದ್ದರು.

"ನೋಡಮ್ಮ ಅಂಜಿನಮ್ಮ, ನಿನಗೋಸ್ಕರ ಕೂತು ಮಾಡೀನಿ. ಇನ್ನ ಬಗ್ಗಾದು ಬ್ಯಾಡ, ನಿಂತ್ಕಂಡೇ ಅಡ್ಡ ಕೊಡಬಹುದು. ಎಡಗೈಯಾಗೂ ಹಿಡಿಯಾಕೆ ಬರ್ತೈತೆ. ಸೋಮವಾರದಿಂದ ಬಂದುಬಿಡು."

ಅವರು ಕರುಣೆಯಿಂದಲೇ ಮಾಡಿದ್ದರು. ನನ್ನ ಹೊಟ್ಟೆ ಉರಿಸಿದ್ದು ಅದೇ. ಆ ಹಿಡಿ ಹೆರೆದ ಹೊತ್ತಿನಲ್ಲಿ ಈ ಮನುಷ್ಯ ದಾವಣಗೆರೆಗೆ ಹೋಗಿ, ಬ್ರೇಕ್ ಲೈನಿಂಗ್ ತಂದು ಹಾಕಿಸಿ, ಊಟ ಮಾಡಿ ಒಂದು ನಿದ್ದೆಯನ್ನೂ ತೆಗೆಯಬಹುದಿತ್ತು. ಇನ್ನೂ ಕೆಟ್ಟದ್ದೆಂದರೆ ಅಂಜಿನಮ್ಮ ಎದ್ದು ಬಂದು, ಎಡಗೈಯಲ್ಲಿ ಹಿಡಿಯನ್ನು ತೂಗಿ ನೋಡಿ, ಆಗಲಿ ಗೌಡ್ರೆ ಎಂದಳು. ಗೌಡರು ದಿಮ್ಮಿಯನ್ನು ಅವಳ ಕೈಯಲ್ಲೇ ಬಿಟ್ಟು ಹೋದರು. ನನಗೆ ಅವಳ ಮೇಲೂ ಸಿಟ್ಟು ಬಂತು.

ಸೋಮವಾರ ಬೆಳಗ್ಗೆ ನಾನು ಕೊಡಲಿ ತೆಗೆದುಕೊಂಡೆ. ಮೊದಲು ಹಿಡಿ ಕಡಿದೆ, ಆಮೇಲೆ ದಿಮ್ಮಿ ಸೀಳಿದೆ. ಜಾಲಿ ಸುಲಭಕ್ಕೆ ಸೀಳುವುದಿಲ್ಲ, ಏಟಿಗೊಂದು ಬೈಗುಳ ಬೈದೆ. ಎಲ್ಲವನ್ನೂ ಒಲೆಗೆ ತುರುಕಿ ಅಂಜಿನಮ್ಮನ ಸ್ನಾನಕ್ಕೆ ನೀರಿಟ್ಟೆ. ಇನ್ನು ಗೌಡರು ಕೆಲಸಕ್ಕೆ ಕರೆಯುವುದಿಲ್ಲ ಎಂದು ಅವಳು ಅತ್ತಳು. ಅಷ್ಟರಲ್ಲಿ ಟಿಲ್ಲರ್ ಬಂದು ಬಾಗಿಲಲ್ಲಿ ನಿಂತಿತು. ಹೆಂಗಸರು ಆಗಲೇ ಹತ್ತಿ ಕೂತಿದ್ದರು. ಗೌಡರು ದಿಮ್ಮಿ ತರಲು ಹೇಳಿದರು.

"ಒಲೆಯಾಗೈತೆ ಗೌಡ್ರೆ. ಬ್ರೇಕ್ ಹಾಕಿಸ್ಕಂಡು ಬರ್ರಿ, ಆಮೇಲೆ ಕೆಲಸಕ್ಕೆ ಕರೀರಿ" ಎಂದೆ.

ಅವರ ಮುಖ ಕೆಂಪಾಯಿತು. ಒಳ್ಳೇ ಮರ ಹಾಳು ಮಾಡಿದೆ, ಕೈಕೆಲಸದ ಬೆಲೆ ಗೊತ್ತಿಲ್ಲದವಳು ಎಂದು ಬೈದರು. ಆಮೇಲೆ ತಾವೇ ಸಮಾಧಾನವಾದರು.

"ಹೋಗ್ಲಿ ಬಿಡು, ಏರಿ ಮ್ಯಾಲೆ ಕಲ್ಲು ಸಿಗ್ತಾವೆ. ಅಂಜಿನಮ್ಮಂಗೆ ರೂಢಿ ಐತೆ. ಹತ್ತಮ್ಮ."

ಅಷ್ಟು ಹೇಳಿ ಮುಂದಕ್ಕೆ ತಿರುಗಿ ಎಂಜಿನ್ ಜೋರು ಮಾಡಿದರು. ಅಂಜಿನಮ್ಮ ಕಣ್ಣೊರೆಸಿಕೊಂಡು ಹೋದಳು. ರೂಢಿಯಂತೆ ಬಲಗೈಯಲ್ಲಿ ಟ್ರೇಲರಿನ ಅಂಚು ಹಿಡಿದಳು. ಹಿಡಿತ ಸಿಗಲಿಲ್ಲ. ಇನ್ನೊಮ್ಮೆ ಹಿಡಿದಳು, ಜಾರಿತು. ಕೈಯನ್ನು ಕಣ್ಣ ಮುಂದೆ ತಂದು ನೋಡಿಕೊಂಡಳು. ಆಮೇಲೆ ಗೌಡರ ಬೆನ್ನು ನೋಡಿದಳು.

"ನಂದಲ್ಲ ತಪ್ಪು" ಎಂದಳು.

ಎಂಜಿನ್ ಸದ್ದಿನಲ್ಲಿ ಗೌಡರಿಗೆ ಅದು ಕೇಳಿಸಲಿಲ್ಲ, ಟ್ರೇಲರಿನಲ್ಲಿದ್ದ ಹೆಂಗಸರಿಗೆ ಕೇಳಿಸಿತು. ಅವಳು ಒಳಗೆ ಹೋಗಿ ಒಲೆಯ ಮುಂದೆ ಕೂತು, ಹೊರಗೆ ಚಾಚಿದ್ದ ಹಿಡಿಯ ತುಂಡನ್ನು ಉರಿಗೆ ನೂಕಿದಳು. ಹೆಂಗಸರು ಒಬ್ಬೊಬ್ಬರಾಗಿ ಸದ್ದಿಲ್ಲದೆ ಇಳಿದರು.

ಗೌಡರು ಹಿಂದೆ ತಿರುಗಿ ನೋಡದೆ ಖಾಲಿ ಟ್ರೇಲರ್ ಎಳೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಏರಿಯ ನಡುವಿನಿಂದ ಅವರ ಕೂಗು ನಮ್ಮ ಕೇರಿಗೆ ಕೇಳಿಸಿತು. ಅಂಜಿನಮ್ಮ, ಅಡ್ಡ ಕೊಡು ಎಂದು ಕೂಗುತ್ತಿದ್ದರು.