ಡಿಸೆಬೊಗೂ ಒಂದು ಪೆನ್ಷನ್

ದಕ್ಷಿಣ ಆಫ್ರಿಕಾದ ಕ್ವಾಕ್ವಾದಲ್ಲಿ, ಬೆಟ್ಟದ ಬುಡದಲ್ಲಿ, ಡಿಸೆಬೊ ಮಕ್ವೆನ್ಯ ಎಂಬ ಹಿಟ್ಟಿನುಂಡೆಗಳನ್ನು ಕರಿದು ಮಾರುತ್ತಿದ್ದಳು. ಗಂಡ ಮೊಲೆಫಿ ಸರ್ಕಾರಿ ಶಾಲೆಯ ಮೇಷ್ಟ್ರು. ಮಕ್ಕಳು ದೊಡ್ಡವರಾದ ಮೇಲೆ ಗಂಡಹೆಂಡತಿ ಇಬ್ಬರಿಗೂ ಒಂದೇ ಸೂರಿನಡಿ ಇರುವುದು ಬೇಸರವಾಗಿತ್ತು. ಜಗಳವಿಲ್ಲದೆ ಬೇರೆಯಾಗೋಣ ಎಂದು ಮಾತಾಗಿ, ಸೋಮವಾರ ಕೋರ್ಟಿಗೆ ಹೋಗುವುದಿತ್ತು.

ಶನಿವಾರ ಗೆಳತಿ ಪುಲೆಂಗ್ ಬಂದಳು. ಅವಳಿಗೆ ಹಿಂದಿನ ವರ್ಷವೇ ವಿಚ್ಛೇದನವಾಗಿತ್ತು.

"ಮನೆ ನಿಂಗೆ, ಕಾರು ಅವ್ನಿಗೆ. ಸರಿ, ಪೆನ್ಷನ್?"

"ಅದು ಅವ್ರು ದುಡಿದಿದ್ದು ಕಣೇ. ನಾನ್ಯಾವತ್ತು ಪಾಠ ಮಾಡಿದೀನಿ?"

"ಅವ್ನು ಪಾಠ ಮಾಡೋವಾಗ ಮಕ್ಕಳ ಮೂಗು ಒರೆಸಿದ್ದು ಯಾರು? ಇಸ್ತ್ರಿ ಅಂಗಿ ತಾನಾಗೇ ಹಾರಿ ಬಂದು ಅವ್ನ ಮೈಮೇಲೆ ಕೂತ್ಕೋತಿತ್ತಾ?"

ಡಿಸೆಬೊಗೆ ನಗು ತಡೆಯಲಾಗಲಿಲ್ಲ. "ಆದ್ರೂ ಅವ್ರಿನ್ನೂ ರಿಟೈರಾಗಿಲ್ವಲ್ಲ!"

"ಅಲ್ಲೀವರೆಗೂ ಕಾಯ್ಬೇಕಾಗಿಲ್ಲ. ನಿಮ್ಮದು ಆಸ್ತಿಯೆಲ್ಲ ಇಬ್ರದೂ ಅನ್ನೋ ಮದುವೆ. ಇವತ್ತಿನ ತನಕ ಕೂಡಿರೋದ್ರಲ್ಲಿ ಪಾಲು ಕೇಳ್ಬಹುದು. ಆದ್ರೆ ತೀರ್ಪಲ್ಲಿ ಪೆನ್ಷನ್ ನಿಧಿ ಹೆಸರು, ನಿನ್ನ ಪಾಲು, ಅದನ್ನ ನಿಧಿಯವ್ರೇ ನಿಂಗೆ ಕೊಡ್ಬೇಕು ಅನ್ನೋದು, ಎಲ್ಲ ಬರೆದಿರ್ಬೇಕು. ನಂದ್ರಲ್ಲಿ ಬರೀ 'ಆಸ್ತಿ ಸಮಪಾಲು' ಅಂತಿತ್ತು. ಮತ್ತೆ ಕೋರ್ಟಿಗೆ ಅಲೆದು ಚಪ್ಪಲಿ ಸವೆಸ್ದೆ."

ಭಾನುವಾರ ಮೊಲೆಫಿ ಅಂಗಳದಲ್ಲಿ ಕಾರು ತೊಳೆಯುತ್ತಿದ್ದ. ಡಿಸೆಬೊ ಧೈರ್ಯ ಮಾಡಿ ಪೆನ್ಷನ್ನಿನ ಪಾಲು ಕೇಳಿಯೇಬಿಟ್ಟಳು.

ಅವನ ಮುಖ ಗಂಟಿಕ್ಕಿತು. "ಅದು ನನ್ನ ಮುಪ್ಪಿನ ದುಡ್ಡು."

"ನಂಗೇನು ಮುಪ್ಪು ಬರಲ್ವಾ, ಮೇಷ್ಟ್ರೇ?"

ಮೊಲೆಫಿ ಒದ್ದೆ ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿದ. ಆಮೇಲೆ ಮೆಲ್ಲಗೆ ನಕ್ಕ. "ನಾನು ಟ್ರೇನಿಂಗಿಗೆ ಹೋದಾಗ ಮನೆ ನಡೆದಿದ್ದೇ ನಿನ್ನ ಮಕ್ವೆನ್ಯದಿಂದ. ಬರೆಸು. ಅರ್ಧ ನಿಂದು."

ಸೋಮವಾರ ಬೆಳಿಗ್ಗೆ, ಉಚಿತ ಕಾನೂನು ನೆರವಿನ ವಕೀಲೆ ಅದಷ್ಟನ್ನೂ ಒಪ್ಪಂದಕ್ಕೆ ಸೇರಿಸಿದರು. ತೀರ್ಪಿನಲ್ಲೂ ಹಾಗೆಯೇ ಬಂತು.

ಕೆಲವು ತಿಂಗಳಿಗೆ ಪಾಲು ಕೈಸೇರಿತು. ಡಿಸೆಬೊ ಅದನ್ನು ಖರ್ಚು ಮಾಡಲಿಲ್ಲ. ತನ್ನದೇ ಹೆಸರಿನ ಪಿಂಚಣಿ ನಿಧಿಗೆ ಹಾಕಿಸಿದಳು. ಆ ಸಂಜೆ ಗೆಳತಿಯರೆಲ್ಲ ನಾಲಿಗೆ ಹೊರಳಿಸಿ ಕೇಕೆ ಹಾಕುತ್ತ ಕುಣಿದರು. "ಬನ್ರೇ, ನೋಡ್ರೇ! ಒಂದಿನಾನೂ ಸ್ಕೂಲಿಗೆ ಹೋಗ್ದೆ ಪೆನ್ಷನ್ ತಗೊಂಡ ಟೀಚರಮ್ಮ!" ಎಂದು ಪುಲೆಂಗ್ ಕೂಗಿದಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ಡಿಸೆಬೊ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಬಾಳು ಬೇರೆಯಾಗುವ ಹೊತ್ತು ಬಂದರೆ ಮನೆ, ಕಾರು, ಪಾತ್ರೆಯ ಜೊತೆ ಪೆನ್ಷನ್ನನ್ನೂ ನೆನೆಯಿರಿ. ನಿಮ್ಮ ಮದುವೆ ಯಾವ ಕರಾರಿನದು ಎಂದು ತಿಳಿದುಕೊಳ್ಳಿ. ತೀರ್ಪಾಗುವ ಮೊದಲೇ ವಕೀಲರನ್ನು ಕೇಳಿ: "ನಿಧಿಯ ಹೆಸರು ಬರೆದಿದ್ದೀರಾ?" ಕೇಳಲು ನಾಚಬೇಡಿ. ನೀವು ಕೇಳುತ್ತಿರುವುದು ದಾನವಲ್ಲ, ನಿಮ್ಮ ಬೆವರಿನ ಪಾಲು.