ಟೀಬಿನೇ ಆಗಲಿ

ಆ ಗಂಡ ಹೆಂಡತಿಯ ಕಸುಬು ಹಾಸಿಗೆ ಹೊಲಿಯುವುದು. ಅಂಗಡಿಯಲ್ಲಿ ಹತ್ತಿ ಹಾರದ ಮೂಲೆಯೇ ಇರಲಿಲ್ಲ. ಹೆಂಡತಿಗೆ ಕೆಮ್ಮು ಹತ್ತಿದಾಗ ಗಂಡ ನಕ್ಕ.

"ನಿನ್ನ ಎದೇಲಿ ಇಷ್ಟೊತ್ತಿಗೆ ಒಂದು ಜೊತೆ ದಿಂಬು ತಯಾರಾಗಿರತ್ತೆ ಕಣೇ. ಕೆಮ್ಮಿ ಈಚೆ ಹಾಕು, ಮಾರೋಣ."

"ಮೊದ್ಲು ನಿಮ್ಮ ಬಾಯಿ ಹೊಲೀತೀನಿ, ತಡೀರಿ."

ಬೀದಿಯ ಡಾಕ್ಟರು ಎದೆಯಲ್ಲಿ ಸೋಂಕು ಎಂದು ಮಾತ್ರೆ ಕೊಟ್ಟರು. ತಗ್ಗಿದ ಹಾಗೆ ಮಾಡಿ ಮತ್ತೆ ಏರಿತು. ಮಾತ್ರೆ ಬದಲಾಯಿತು, ಕೆಮ್ಮು ಮಾತ್ರ ಕರೆಯದೆ ಬಂದ ನೆಂಟನ ಹಾಗೆ ಕಾಲು ಚಾಚಿ ಮಲಗಿತು. ಕಫದಲ್ಲಿ ರಕ್ತದ ಎಳೆ ಕಂಡಾಗ ದೊಡ್ಡಾಸ್ಪತ್ರೆಗೆ ಓಡಿದರು. ಎಕ್ಸ್‌ರೇಯಲ್ಲಿ ಎರಡೂ ಕಡೆ ಬಿಳಿ ಬಿಳಿ ಚುಕ್ಕೆ. ಟೀಬಿ ಇರಬಹುದು, ಯಾರನ್ನೂ ಹತ್ತಿರ ಬಿಟ್ಟುಕೊಳ್ಳಬೇಡಿ ಎಂದರು. ಆಗತಾನೇ ಹೆತ್ತಿದ್ದ ಮಗಳಿಗೆ ಗಂಡ ಫೋನ್ ಮಾಡಿ, ಕೂಸನ್ನು ಇತ್ತ ಕರೆತರಬೇಡ ಎಂದ. ಆದರೆ ಎಷ್ಟು ಸಲ ಹುಡುಕಿದರೂ ಕಫದಲ್ಲಿ ಟೀಬಿಯ ಕ್ರಿಮಿ ಸಿಗಲಿಲ್ಲ.

ಅಲ್ಲಿನ ಡಾಕ್ಟರಮ್ಮ ಕೇಳಿದರು, "ಮುಂಚೆ ಏನಾದ್ರೂ ಆಪರೇಷನ್ ಆಗಿತ್ತಾ?"

"ಇಲ್ಲಮ್ಮ."

"ತೊಡೆ ಮೇಲೆ ಇದೇನು ಗುರುತು?"

"ಅಯ್ಯೋ, ಅದು ಕೂತ ಗಂಟು. ದಿನವಿಡೀ ನೆಲಕ್ಕೆ ಕೂತು ಹೊಲೀತೀವಲ್ಲ, ನಮ್ಮ ಕಸುಬಿನೋರಿಗೆಲ್ಲ ಬರತ್ತೆ. ಅದನ್ನ ಕುಯ್ಸಿದ್ದೂ ಒಂದು ಆಪರೇಷನ್ನಾ?"

"ಚೆಂಡಿನಷ್ಟಿತ್ತು ಡಾಕ್ಟ್ರೇ," ಗಂಡ ಕೈಯಗಲಿಸಿ ತೋರಿಸಿದ. "ಕುಯ್ದೋರು ಬಕೆಟ್ಟಿಗೆ ಎಸೆದ್ರು. ಒದ್ದಿದ್ರೆ ಗೋಲ್ ಆಗ್ತಿತ್ತು."

"ಪರೀಕ್ಷೆಗೆ ಕಳಿಸಲೇ ಇಲ್ವಾ?"

"ಬರೀ ಗಂಟು ಅಲ್ವಾ, ಪರೀಕ್ಷೆ ಯಾಕೆ?"

ಡಾಕ್ಟರಮ್ಮ ನಗಲಿಲ್ಲ. ಸೂಜಿ ಹಾಕಿ ಶ್ವಾಸಕೋಶದಿಂದ ಒಂದು ಚೂರು ತೆಗೆಸಿದರು. ಗಂಡನನ್ನು ಪಕ್ಕಕ್ಕೆ ಕರೆದು, ಟೀಬಿ ಅಲ್ಲದಿದ್ದರೆ ಏನಿರಬಹುದು ಎಂದೂ ಹೇಳಿದರು.

ಅಲ್ಲಿಂದ ಅವನ ಪ್ರಾರ್ಥನೆಯೇ ತಿರುಗಿಬಿತ್ತು. ವರದಿ ಬರುವ ದಿನ ಬೆಂಚಿನ ಮೇಲೆ ಕೂತು, "ದೇವ್ರೇ, ಟೀಬಿನೇ ಮಾಡಪ್ಪಾ, ದೊಡ್ಡ ಟೀಬಿನೇ ಮಾಡು" ಎಂದು ಗೊಣಗಿದ. ಪಕ್ಕದಲ್ಲಿದ್ದವರು ಮೆಲ್ಲಗೆ ಎದ್ದು ಆಚೆ ಬೆಂಚಿಗೆ ಹೋದರು.

ಡಾಕ್ಟರಮ್ಮ ಅವನೊಬ್ಬನನ್ನೇ ಒಳಗೆ ಕರೆದರು.

"ಸೋಂಕಲ್ಲ. ತೊಡೇಲಿದ್ದಿದ್ದು ಕ್ಯಾನ್ಸರ್ ಗಂಟು. ಅದೇ ರಕ್ತದಲ್ಲಿ ಹೋಗಿ ಎರಡೂ ಕಡೆ ಹರಡಿದೆ."

"ಮಾತ್ರೆ?"

"ಸ್ವಲ್ಪ ದಿನ ತಡೀಬಹುದು. ವಾಸಿ ಆಗಲ್ಲ."

ಅವನು ಹೊರಗೆ ಬಂದ. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ಟೀಬಿನಾ?"

"ಅಲ್ವಂತೆ."

"ಹಾಗಾದ್ರೆ ಅಂಟಲ್ವಾ?"

"ಅಂಟಲ್ಲ."

ಅವಳ ಮುಖ ಊರಗಲ ಅರಳಿತು. "ಮಗಳಿಗೆ ಫೋನ್ ಮಾಡ್ರೀ. ಕೂಸು ಹುಟ್ಟಿದಾಗಿಂದ ಒಂದ್ಸಲನೂ ಎತ್ಕೊಂಡಿಲ್ಲ ನಾನು."

ಅವನು ಫೋನ್ ಹಚ್ಚಿದ. ಮಗಳು ಆ ಕಡೆಯಿಂದ, "ಏನಂದ್ರಪ್ಪಾ?" ಎಂದಳು. ಹೆಂಡತಿ ತೋಳು ಜಗ್ಗುತ್ತಲೇ ಇದ್ದಳು, ಹೇಳಿ, ಹೇಳಿ ಎಂದು.

"ಕೂಸನ್ನ ಕರ್ಕೊಂಡು ಬಾರಮ್ಮ," ಎಂದ. "ಅಂಟಲ್ವಂತೆ."