ಮೊದಲ ಚೀಲದ ನೀರು

ಹದಿನಾಲ್ಕನೆಯ ಬಳ್ಳಿಯ ಕುಡಿಯನ್ನು ದಾರಕ್ಕೆ ಸುತ್ತುತ್ತಿದ್ದ ದಾನೇಶ್ವರಿಯ ಕೈ ನಿಂತಿತು. ಕುಡಿಯಲ್ಲಿ ಬಿಗಿಯಿರಲಿಲ್ಲ. ಹಿಂಡಿದ ಬಟ್ಟೆಯ ಅಂಚಿನಂತೆ ಬೆರಳ ಮೇಲೆ ಜೋತುಬಿತ್ತು. ಗಂಟೆ ಇನ್ನೂ ಹತ್ತೂವರೆ. ಸೌತೆ ಬಾಡುವ ಹೊತ್ತಲ್ಲ ಅದು.

ಪಕ್ಕದ ಸಾಲಿನಲ್ಲಿ ಕೂಲಿಯ ಬಸವಮ್ಮ ತೆಂಗಿನ ನಾರಿನ ಪುಡಿ ತುಂಬಿದ ಚೀಲವೊಂದರ ತುದಿ ಎತ್ತಿ ನೋಡಿದಳು. ಪ್ಲಾಸ್ಟಿಕ್ ಹೊದಿಸಿದ ಪಾಲಿಹೌಸಿನ ಮಣ್ಣಿಲ್ಲದ ಈ ಬೇಸಾಯದಲ್ಲಿ ಬೇರಿಗೆ ಆ ಚೀಲವೇ ಭೂಮಿ.

"ಅಕ್ಕೋರೆ, ಹತ್ತಿ ದಿಂಬು ಎತ್ದಂಗೆ ಮ್ಯಾಕ್ಕೆ ಬತ್ತದೆ ನೋಡಿ. ಕೆಳ್ಗಡೆ ಒಂದ್ ತೊಟ್ಟೂ ಬಸ್ದಿಲ್ಲ. ಬೇರು ಕಂದಾಗವೆ."

"ಯಜಮಾನ್ರಿಗೆ ಹೇಳ್ದ್ಯಾ?"

"ಹೇಳ್ದೆ. ನಿನ್ಗಿಂತ ಫೋನ್‌ಗೆ ಚೆನ್ನಾಗಿ ಗೊತ್ತು ಕಣ ಅಂದ್ರು. ಸರಿ ಬುಡಿ, ನಂಗಿರಾದು ಬರೀ ಎರಡ್ ಕೈ."

ಒಂಬತ್ತು ದಿನದ ಹಿಂದಿನವರೆಗೆ ಆ ಎರಡು ಕೈಯೇ ಚೀಲಗಳನ್ನು ಎತ್ತಿ, ಒತ್ತಿ, ತೇವ ನೋಡಿ ನೀರು ಬಿಡುತ್ತಿದ್ದವು. ಆಮೇಲೆ ಪಾಲುದಾರ ಸೋಮೇಶ ತನ್ನೂರು ಉಡಿಗಾಲದಿಂದ ತೇವ ಅಳೆಯುವ ಸೆನ್ಸಾರ್ ಕಡ್ಡಿ ತಂದು ಬಾಗಿಲ ಪಕ್ಕದ ಮೊದಲ ಚೀಲಕ್ಕೆ ಚುಚ್ಚಿ ಹೋಗಿದ್ದ. ಬೆಳಗಿನ ಒಂದು ಸರದಿ ಬಿಟ್ಟರೆ, ಆ ಚೀಲ ಒಣಗಿದರೆ ಮಾತ್ರ ಈಗ ಮೋಟರ್ ಓಡುತ್ತದೆ. ವಾಲ್ವನ್ನು ಯಾರೂ ಮುಟ್ಟಬಾರದೆಂದು ಗಂಡ ರಾಜಶೇಖರ ಅದಕ್ಕೆ ತಂತಿ ಸುತ್ತಿದ್ದ.

ಅಷ್ಟರಲ್ಲಿ ಅವನೇ ಬಾಗಿಲಲ್ಲಿ ಬಂದು ನಿಂತ, ಕೈಯಲ್ಲಿ ಸೆನ್ಸಾರಿನ ಅಂಕಿ ತೋರಿಸುವ ಫೋನು.

"ಬಳ್ಳಿ ಬಾಡ್ತಾವಲ್ರೀ" ಎಂದಳು.

"ಎಪ್ಪತ್ತೆರಡು ಪರ್ಸೆಂಟ್ ತೇವ ತೋರುಸ್ತಾದೆ. ಇನ್ನೂ ನೀರ್ ಬುಟ್ರೆ ಬೇರು ಕೊಳೀತದೆ. ಬಿಸಿಲ್ಗೆ ಹಂಗೇ ಆಗಾದು, ಸಂಜೆಗೆ ಸರಿಯಾಯ್ತದೆ." ಹೊರಟವನು ತಿರುಗಿದ. "ಭಾನುವಾರ ಸೋಮೇಶ ಬತ್ತಾನೆ. ಬೆಳೆ ನೋಡಿ ಒಪ್ಪುದ್ರೆ ಇನ್ನೊಂದು ಪಾಲಿಹೌಸು, ಅವತ್ತೇ ಶಿವರಂಜಿನಿ ಮದ್ವೆ ಮಾತೂ ಮುಗುಸ್ಬುಡನ."

"ಬೆಳೆ ಕೈಕೊಟ್ರೆ?"

ಅವನು ನಕ್ಕ. "ಸೋತೋರ ಮನೆ ಹೆಣ್ಣು ಅವನ್ಗ್ಯಾಕೆ ಕಣಮ್ಮಿ? ಎದ್ದೋಯ್ತಾನೆ. ಕೆಟ್ಟ ಮಾತಾಡ್ಬೇಡ."

ಮಗಳು ಶಿವರಂಜಿನಿ ಚಾಮರಾಜನಗರದ ಹಾಸ್ಟೆಲಿನಲ್ಲಿದ್ದಳು, ಎರಡನೇ ವರ್ಷದ ಬಿಎಸ್ಸಿ. ನಿನ್ನೆ ಫೋನಿನಲ್ಲಿ ಕೇಳಿದ್ದು ಒಂದೇ: "ಅವ್ವ, ನನ್ನ ಓದು ಮುಗಿಯೋಗಂಟ ತಡೀತೀಯಾ?" ದಾನೇಶ್ವರಿ ಊಟವಾಯಿತಾ ಎಂದು ಕೇಳಿ ಮಾತು ಮರೆಸಿದ್ದಳು. ಸೋಮೇಶನ ಮೊದಲ ಹೆಂಡತಿ ಎರಡೇ ವರ್ಷಕ್ಕೆ ತವರು ಸೇರಿದ್ದಳು. ಗುಂಡ್ಲುಪೇಟೆಯ ಮದುವೆ ಮನೆಯೊಂದರಲ್ಲಿ ದಾನೇಶ್ವರಿ ಅವಳ ಪಕ್ಕ ಊಟಕ್ಕೆ ಕುಳಿತಿದ್ದಳು. ಮಾತನಾಡಿಸಿದರೆ ಅವಳು ಇನ್ನೊಂದು ಕಿವಿ ತಿರುಗಿಸುತ್ತಿದ್ದಳು. ಆಚೆ ಕುಳಿತಿದ್ದ ಅವಳ ತಾಯಿ ಎಲೆಯಿಂದ ಕಣ್ಣೆತ್ತದೆ ಹೇಳಿದ್ದಳು, "ಮದ್ವೆಗ್ ಮುಂಚೆ ಎರಡ್ ಕಿವೀನೂ ಕೇಳ್ತಿದ್ದೋ." ಇದನ್ನು ಗಂಡನಿಗೆ ಹೇಳಿದಾಗ, ಹೆಂಗಸರಿಗೆ ಬೇರೆ ಕೆಲಸವಿಲ್ಲ ಎಂದಿದ್ದ.

ಹನ್ನೊಂದಕ್ಕೆ ಮನೆಯ ಜಗಲಿಯಿಂದ ಅತ್ತೆ ಚಿಕ್ಕಮಲ್ಲಮ್ಮ ಕರೆದರು. ಲಿಂಗಪೂಜೆ ಮುಗಿದಿತ್ತು. ಪೂಜೆಯ ನೀರನ್ನು ಯಾರೂ ತುಳಿಯುವ ಕಡೆ ಚೆಲ್ಲಬಾರದು. ಮೊದಲೆಲ್ಲ ಅದು ಅಂಗಳದ ಬಿಲ್ವದ ಬುಡಕ್ಕೆ ಹೋಗುತ್ತಿತ್ತು. ಪಾಲಿಹೌಸಿಗಾಗಿ ಆ ಮರ ಕಡಿದ ಮೇಲೆ, "ಹೊಸ ಬೆಳೆ ಮೇಲೂ ಶಿವನ ಕಣ್ಣಿರ್ಲಿ, ಮೊದ್ಲು ಸಿಕ್ಕಾ ಗಿಡಕ್ಕೆ ಉಯ್ಯಮ್ಮ" ಎಂದಿದ್ದರು. ಅಂದಿನಿಂದ ದಿನಕ್ಕೊಂದು ತುಂಬಿದ ತಂಬಿಗೆ.

ಇಂದೂ ತಂಬಿಗೆ ಹಿಡಿದು ಬಂದು ಮೊದಲ ಚೀಲದ ಮೇಲೆ ಬಾಗಿದಳು. ನೀರು ಅರ್ಧ ಬಿದ್ದಿರಬೇಕು, ಗಿಡದ ಬುಡದಲ್ಲಿ ನೆಟ್ಟಿದ್ದ ಕರಿಯ ಕಡ್ಡಿ ಕಣ್ಣಿಗೆ ಬಿತ್ತು. ಅದರಿಂದ ಹೊರಟ ವೈರು ಗೋಡೆಯ ಪೆಟ್ಟಿಗೆಗೆ ಹತ್ತಿತ್ತು. ಒಂಬತ್ತು ದಿನದಿಂದ ನೋಡುತ್ತಲೇ ಇದ್ದಳು.

ಚೀಲದ ತುದಿಗೆ ಕೈಹಾಕಿದಳು. ನೀರು ಕುಡಿದು ಭಾರವಾಗಿದ್ದ ಅದು ಅಲುಗಲಿಲ್ಲ. ಈ ಬಳ್ಳಿಯೊಂದೇ ಕಡುಹಸಿರಾಗಿ ದಾರ ತಬ್ಬಿ ನಿಂತಿತ್ತು. ಅದರಾಚೆ ಸಾಲುಸಾಲು ಬಳ್ಳಿಗಳು ತಲೆ ಬಗ್ಗಿಸಿದ್ದವು. ಒಳಗೆ ಎಲೆ ಅಲುಗುವ ಸದ್ದೂ ಇರಲಿಲ್ಲ.

ಹೊರಗೆ ಗಂಡ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ: "ಈಗ ನೋಡಪ್ಪ, ಎಪ್ಪತ್ತೊಂಬತ್ತು."

ಒಂದು ಕೂಗು ಹಾಕಿದ್ದರೆ ಅವನು ಓಡಿ ಬರುತ್ತಿದ್ದ. ಕಡ್ಡಿಯನ್ನು ನಡುವಿನ ಚೀಲಕ್ಕೆ ನೆಟ್ಟರೆ ಸಂಜೆಯೊಳಗೆ ಬಳ್ಳಿಗಳು ತಲೆ ಎತ್ತುತ್ತಿದ್ದವು. ದಾನೇಶ್ವರಿ ಬಾಗಿದಂತೆಯೇ ನಿಂತಿದ್ದಳು. ಎರಡು ತಿಂಗಳು ತಾನೇ ಒಂದೊಂದಾಗಿ ದಾರಕ್ಕೆ ಹತ್ತಿಸಿದ ಬಳ್ಳಿಗಳು.

ಉಳಿದ ನೀರನ್ನು ಕರಿಯ ಕಡ್ಡಿಯ ಸುತ್ತ ನಿಧಾನವಾಗಿ ಸುರಿದಳು, ಕೊನೆಯ ಹನಿಯವರೆಗೆ.

"ಏನಾಯ್ತಕ್ಕೋರೆ?" ಬಸವಮ್ಮ ದೂರದಿಂದ ಕೇಳಿದಳು.

"ಏನಿಲ್ಲ. ಪೂಜೆ ನೀರು."

ಸೋಮೇಶ ಬೆಳೆ ನೋಡಲು ಬರುವ ಭಾನುವಾರಕ್ಕೆ ಇನ್ನೂ ಮೂರು ದಿನವಿತ್ತು. ಸಂಜೆಯ ಪೂಜೆಯ ನೀರನ್ನು ಅತ್ತೆ ತಾವೇ ಹಿತ್ತಲ ದಾಸವಾಳಕ್ಕೆ ಹಾಕುತ್ತಿದ್ದರು. ವಯಸ್ಸಾದವರು ಕತ್ತಲಲ್ಲಿ ಮೆಟ್ಟಿಲಿಳಿಯುವುದೇಕೆ, ಇಂದಿನಿಂದ ಅದನ್ನೂ ತಾನೇ ತರುವುದು ಎಂದುಕೊಂಡು, ದಾನೇಶ್ವರಿ ಹದಿನೈದನೆಯ ಬಳ್ಳಿಯ ಕುಡಿಯನ್ನು ದಾರಕ್ಕೆ ಸುತ್ತತೊಡಗಿದಳು.